ಅಕ್ಕಿಯ ಮೇಲಿನ ಮೂರು ಗೆರೆ

ಮದುವೆಯಾಗಿ ಶಿಕಾರಿಪುರದ ಅಕ್ಕಿ ವ್ಯಾಪಾರಿಗಳ ಮನೆ ಸೇರಿದ ಮರುವರ್ಷ ನಾನು ಕಳ್ಳಿಯಾದೆ. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು, ನಾನು ಐದು ತಿಂಗಳ ಬಸುರಿ. ಅನ್ನ ಕಂಡರೆ ವಾಕರಿಕೆ, ಹಸಿ ಅಕ್ಕಿ ಕಂಡರೆ ಪ್ರಾಣ. ಅತ್ತೆ ಸ್ನಾನಕ್ಕೆ ಹೋದಾಗ ಉಗ್ರಾಣದ ಮಣ್ಣಿನ ಹರವಿಗೆ ಕೈ ಹಾಕಿ ಒಂದು ಹಿಡಿ ಬಾಯಿಗೆ ತುಂಬಿಕೊಳ್ಳುತ್ತಿದ್ದೆ. ಹೊಸ ಸೊಸೆ, ಬಯಕೆ ಅಂತ ಬಾಯಿಬಿಟ್ಟು ಹೇಳಲು ನಾಚಿಕೆ.

ಅತ್ತೆ ದಿನವೂ ಅಡುಗೆಗೆ ಅಕ್ಕಿ ತೆಗೆದ ಮೇಲೆ ಹರವಿಯಲ್ಲಿ ಉಳಿದದ್ದನ್ನು ಸಮ ಮಾಡಿ, ವಿಭೂತಿ ಎಳೆದ ಹಾಗೆ ಮೂರು ಬೆರಳಿನಿಂದ ಗೆರೆ ಎಳೆಯುತ್ತಿದ್ದರು. ಭಕ್ತಿ ಅಂದುಕೊಂಡು, ಕದ್ದ ಮೇಲೆ ನಾನೂ ಹಾಗೇ ಎಳೆದಿಡುತ್ತಿದ್ದೆ. ಅದು ಭಕ್ತಿಯಲ್ಲ, ಪಹರೆ ಎಂದು ತಿಳಿದದ್ದು ಒಂದು ಬೆಳಿಗ್ಗೆ.

"ಇವು ನನ್ನ ಗೆರಿ ಅಲ್ಲ. ಯಾರೋ ಕೈ ಹಾಕ್ಯಾರ!"

ಅಕ್ಕಿ ಕೇರಿ ಹಸನು ಮಾಡಲು ಇಬ್ಬರು ಹೆಂಗಸರು ಬರುತ್ತಿದ್ದರು. ಒಬ್ಬಳು ನಮ್ಮ ಬೀದಿಯವಳೇ. ಇನ್ನೊಬ್ಬಳು ನನ್ನ ತವರಿನ ಕಡೆ, ಸೊರಬ ತಾಲೂಕಿನ ಕ್ಯಾಸನೂರಿನವಳು. ಹಿಂದಿನ ಬೇಸಿಗೆಯಲ್ಲಿ ಅಲ್ಲಿನ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಬೆನ್ನಿಗೇ ಮನುಷ್ಯರಿಗೂ ಜ್ವರ ಹತ್ತಿತ್ತು. ಸೌದೆಗೆ ಹೋಗಿದ್ದ ಅವಳ ಗಂಡ ಅದರಲ್ಲೇ ಸತ್ತ. ಕಾಡಿಗೆ ಕಾಲಿಡಲು ಹೆದರಿ, ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಇಲ್ಲಿಗೆ ಕೂಲಿಗೆ ಬಂದಿದ್ದಳು. ಸಂಜೆ ಕೊಡುವ ನುಚ್ಚೇ ಕೂಲಿ. ಅದರಲ್ಲೂ ಅರ್ಧ ಕಟ್ಟಿಟ್ಟು, ಸಂತೆಗೆ ಬಂದವರ ಕೈಯಲ್ಲಿ ಮಗಳಿಗೆ ಕಳಿಸುತ್ತಿದ್ದಳು. ಬೆಳಿಗ್ಗೆ ಏನು ತಿಂದು ಬರುತ್ತೀ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಾವ ಉಡುತಡಿ ಕಡೆಯಿಂದ ಮಂತ್ರ ಹಾಕುವ ಮುದುಕನೊಬ್ಬನನ್ನು ಕರೆಸಿದರು. ಅದೇ ಹರವಿಯಿಂದ ತೆಗೆದು ಮಂತ್ರಿಸಿದ ಅಕ್ಕಿಯನ್ನು ಅಗಿದು ಬಾಳೆಲೆಯ ಮೇಲೆ ಉಗುಳಬೇಕು. ಕದ್ದವರ ಬಾಯಿ ಹೆದರಿಕೆಗೆ ಒಣಗಿ ಅಕ್ಕಿ ಪುಡಿಯಾಗಿಯೇ ಬೀಳುತ್ತದೆ, ಕದಿಯದವರದು ಹಸಿಯಾಗಿ ಬೀಳುತ್ತದೆ. ಬೀದಿಯ ಹೆಂಗಸು ಉಗುಳಿ ಗೆದ್ದಳು. ಕ್ಯಾಸನೂರಿನವಳು ಅಗಿದಳು, ಅವಳ ಗಂಟಲು ಆಡಿತು. ಎಲೆಯ ಮೇಲೆ ಬರೀ ಎಂಜಲು ಬಿತ್ತು.

"ಎಲ್ಲೇ ಅಕ್ಕಿ?" ಎಂದರು ಅತ್ತೆ.

"ಒಳಗೆ ಹೋತು ಅಮ್ಮಾರೆ. ನಿನ್ನೆಯಿಂದ ಹೊಟ್ಟೆಗಿಲ್ಲ. ಉಗುಳಬೇಕು ಅಂತಲೇ ಇದ್ದೆ, ತಡೆಯಾಕಾಗಲಿಲ್ಲ."

ನೆರೆದವರು ನಕ್ಕರು. ಮುದುಕ ತಬ್ಬಿಬ್ಬಾದ. ಅವನ ಮಂತ್ರಕ್ಕೆ ಹಸಿ ಮತ್ತು ಒಣ ಎರಡೇ ಗೊತ್ತು, ಹಸಿವು ಗೊತ್ತಿರಲಿಲ್ಲ.

"ಸಾಕ್ಷೀನೇ ನುಂಗಿಬಿಟ್ಲಲ್ಲ! ಇನ್ನೇನು ಬೇಕ್ರೀ?" ಎಂದರು ಮಾವ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ. ಮನೆಯ ಸೊಸೆಗೆ ಅಕ್ಕಿ ಅಗಿಯಲು ಯಾರೂ ಹೇಳಲಿಲ್ಲ. ಹೇಳಿದ್ದರೂ ನಾನು ಗೆಲ್ಲುತ್ತಿದ್ದೆ. ಅಕ್ಕಿ ಕಂಡರೇ ನನ್ನ ಬಾಯಲ್ಲಿ ನೀರೂರುತ್ತಿತ್ತು.

"ಅಕ್ಕಾ, ನೀವು ನಮ್ಮ ಕಡೆಯೋರು. ನೀವಾದರೂ ಹೇಳಿ," ಎಂದಳು ಅವಳು. ನಾನು ನೆಲ ನೋಡಿದೆ. ಥೂ ನನ್ನ ಜನ್ಮಕ್ಕೆ. ಆ ದಿನದ ನುಚ್ಚನ್ನೂ ಕೊಡದೆ ಅವಳನ್ನು ಅಟ್ಟಿದರು.

ಮೂರು ದಿನ ಊಟ ಸೇರಲಿಲ್ಲ. ನಾಲ್ಕನೆಯ ದಿನ ಅತ್ತೆಯ ಮುಂದೆ ಅಳುತ್ತಾ ಒಪ್ಪಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ಹುಚ್ಚಿ! ಬಸರಿ ಬಯಕಿಗೆ ಕಳ್ಳತನ ಅಂತಾರೇನು? ಹೇಳಿದ್ರ ಹುರಿದು ಕೊಡ್ತಿದ್ದೆನಲ್ಲ!"

"ಹಂಗಾದ್ರೆ ಆಕೀನ ವಾಪಸ್ ಕರೆಸ್ರೀ ಅತ್ತೆ."

"ಕರೆಸಿ ಏನಂತ ಹೇಳ್ಲಿ? ನಮ್ಮ ಸೊಸಿ ಕದ್ದಾಳ ಅಂತ ಊರಿಗೆಲ್ಲ ಸಾರ್ಲಾ?"

ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ ಅನ್ನುತ್ತಾರೆ. ಆ ಮನೆಯಲ್ಲಿ ಸೊಸೆ ಕದ್ದ ಅಕ್ಕಿಗೂ ಬೆಲೆಯಿರಲಿಲ್ಲ. ಒಂದೇ ಹರವಿಯ ಅಕ್ಕಿ ನನ್ನ ಬಾಯಲ್ಲಿ ಬಯಕೆಯಾಗಿತ್ತು, ಅವಳ ಬಾಯಲ್ಲಿ ಕಳವು. ಅವಳು ಬಾಯಿಗೆ ಹಾಕಿಕೊಂಡದ್ದಾದರೂ ನಾವೇ ಕೈಯಾರೆ ಕೊಟ್ಟ ಅಕ್ಕಿ.

ಬಾಣಂತನಕ್ಕೆ ಸೊರಬಕ್ಕೆ ಹೋದಾಗ ಅವಳ ಬಗ್ಗೆ ಅವ್ವನನ್ನು ವಿಚಾರಿಸಿದೆ. ಕಳ್ಳಿ ಎಂಬ ಸುದ್ದಿ ಅವಳಿಗಿಂತ ಮೊದಲೇ ಊರು ಮುಟ್ಟಿತ್ತಂತೆ. ಯಾರೂ ಕೆಲಸಕ್ಕೆ ಕರೆಯಲಿಲ್ಲ. ಕೊನೆಗೆ, ಹೆದರಿ ಬಿಟ್ಟುಬಂದಿದ್ದ ಆ ಕಾಡಿಗೇ ಸೌದೆಗೆ ಹೋದಳು.

"ಗಂಡಂಗೆ ಬಂದ ಜ್ವರವೇ ಕಣೇ," ಎಂದಳು ಅವ್ವ. "ಉಳೀಲಿಲ್ಲ."

ಮಂಗನ ಕಾಯಿಲೆಯ ಸಾವುಗಳಲ್ಲಿ ಅವಳದನ್ನೂ ಸೇರಿಸಿರಬೇಕು. ನಾನು ಸೇರಿಸುವುದಿಲ್ಲ. ಅದು ನಮ್ಮ ಪಡಸಾಲೆಯಲ್ಲಿ ವಿಧಿಸಿದ ಶಿಕ್ಷೆ. ಇವತ್ತಿಗೂ ಯಾರೋ ಕಳ್ಳಿ ಸಿಕ್ಕಿಬಿದ್ದಳು ಎಂದು ಪೇಪರಿನಲ್ಲಿ ಓದಿದರೆ, ಬೆಳಿಗ್ಗೆ ಅವಳೇನು ತಿಂದಿದ್ದಳು ಎಂದು ಮೊದಲು ಕೇಳುತ್ತೇನೆ. ಮಕ್ಕಳು ನಗುತ್ತಾರೆ.

ಅವರಿಗೆ ಹೇಳದ ಮಾತೊಂದಿದೆ. ನಾನು ಒಪ್ಪಿಕೊಂಡ ದಿನ ಅತ್ತೆ ಅಕ್ಕಿ ಹುರಿದು, ಬೆಲ್ಲ ಹಾಕಿ, ತಟ್ಟೆ ತುಂಬ ಕೊಟ್ಟರು. ಅಳುತ್ತಲೇ ಕೂತು ಒಂದು ಕಾಳೂ ಬಿಡದೆ ತಿಂದೆ.