ನಮ್ಮ ಗೇಟಿನಿಂದ ತಿರುಗಿಹೋದ ಟೀಚರುಗಳು

ನನ್ನ ತಂಗಿ ನಮ್ಮ ಬಿಲ್ಡಿಂಗಿನ ಗೇಟಿನವರೆಗೆ ಬಂದಿದ್ದಳು. ನಾನು ಅವಳನ್ನು ಒಳಗೆ ಬಿಡಲಿಲ್ಲ.

ಏಪ್ರಿಲ್ ಕೊನೆಯ ವಾರ, ಬೆಳಿಗ್ಗೆ ಹನ್ನೊಂದು ಗಂಟೆ. ಹೌಸಿಂಗ್ ಸೊಸೈಟಿಯ ಸೆಕ್ರೆಟರಿಯಾದ ನಾನು ಮೊದಲ ಮಹಡಿಯ ಆಫೀಸಿನಲ್ಲಿ ಕುಳಿತಿದ್ದೆ. ಇಂಟರ್‌ಕಾಮ್ ರಿಂಗಾಯಿತು. ಟೀಚರುಗಳು ಬಂದಿದ್ದಾರೆ, ಮೇಲೆ ಕಳಿಸಲೇ ಎಂದು ಕೆಳಗಿನಿಂದ ವಾಚ್‌ಮನ್ ಮಿಶ್ರಾಜಿ.

"ಸಾಬ್, ಸ್ಕೂಲ್ ಸೇ ಟೀಚರ್ ಲೋಗ್ ಆಯೇ ಹೈ. ದೀದಿ ಭೀ ಹೈ. ಭೇಜ್ ದೂಂ?"

"ಅಲೌಡ್ ನಹೀ. ಕಮಿಟಿ ಕಾ ರೂಲ್ ಹೈ ಬೋಲೋ" ಎಂದು, ಬಿಡಬಾರದೆಂಬ ಕಮಿಟಿಯ ನಿಯಮ ತೋರಿಸಿ ಫೋನ್ ಇಟ್ಟೆ.

ಬಂದಿರುವ ದೀದಿ ನನ್ನ ತಂಗಿ ಸುಮತಿ ಎಂದು ಮಿಶ್ರಾಜಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲವೇ? (ಹಿಂದಿನ ದಿನವೇ ಫೋನ್ ಮಾಡಿ, "ನಾಳೆ ಬರ್ತೇವೆ ಅಣ್ಣ, ನೀನು ಆಫೀಸಲ್ಲೇ ಇರು" ಎಂದಿದ್ದಳು. "ಆಯ್ತು, ಬಾ" ಎಂದಿದ್ದೆ.)

ಈ ಅಂಕಣದಲ್ಲಿ ಪ್ರತಿ ವಾರ ಊರಿನವರ ತಪ್ಪು ಹುಡುಕಿ ಬರೆಯುವವ ನಾನು. ಲೋಕಲ್ ರೈಲಿನಲ್ಲಿ ಕರವಸ್ತ್ರ ಎಸೆದು ಸೀಟು ಹಿಡಿಯುವವರು, ನನ್ನ ಕ್ಯಾಂಟೀನಿನಲ್ಲಿ ಒಂದು ಇಡ್ಲಿಗೆ ಮೂರು ಸಲ ಚಟ್ನಿ ಕೇಳುವವರು. ನೀವೂ ನಗುತ್ತ ಓದಿದ್ದೀರಿ. ನನ್ನ ಓದು ಏಳನೇ ಇಯತ್ತೆಗೆ ನಿಂತದ್ದೂ ನಿಮಗೆ ಗೊತ್ತು. ಕಾಗುಣಿತದ ತಪ್ಪುಗಳನ್ನು ಸಂಪಾದಕರು ತಿದ್ದಿಕೊಳ್ಳುತ್ತಾರೆ. ಈ ವಾರದ ತಪ್ಪು ಅವರ ಕೈಯಲ್ಲಿ ತಿದ್ದಿಸುವಂಥದ್ದಲ್ಲ.

ಆ ಏಳು ಕ್ಲಾಸು ನಾನು ಓದಿದ್ದು ಸುಮತಿ ಈಗ ಕಲಿಸುವ ಶಾಲೆಯಲ್ಲೇ. ಮುಂಬಯಿಯ ಘಾಟ್ಕೋಪರಿನಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗಿರುವ ಮುನ್ಸಿಪಾಲ್ಟಿಯ ಕನ್ನಡ ಶಾಲೆ. ಆಗ ಬಿಲ್ಡಿಂಗಿನ ಜಾಗದಲ್ಲಿ ಒಂದೊಂದೇ ಕೋಣೆಯ ಮನೆಗಳ ಸಾಲಿನ ನಮ್ಮ ಚಾಳ್ ಇತ್ತು. ಶಾಲೆಯ ಗಂಟೆ ಬಾರಿಸಿದ ಮೇಲೆ ಮನೆಯಿಂದ ಓಡಿದರೂ ಪ್ರಾರ್ಥನೆಗೆ ಸಿಗುತ್ತಿದ್ದೆವು. ಹೋಟೆಲ್ ಕಾರ್ಮಿಕರ ಮಕ್ಕಳು, ಬ್ಯಾಂಕಿನ ಪ್ಯೂನ್‌ನ ಮಕ್ಕಳು, ಮೂಲೆಯ ಉಡುಪಿ ಹೋಟೆಲಿನ ಮಾಲೀಕರ ಮಗಳು, ಎಲ್ಲರೂ ಒಂದೇ ಬೆಂಚಿನಲ್ಲಿ. ಶಾಲೆ ಒಳ್ಳೆಯದೋ ಕೆಟ್ಟದ್ದೋ ಎಂದು ಯಾರೂ ಕೇಳಿದ್ದು ನೆನಪಿಲ್ಲ. ಪಕ್ಕದಲ್ಲಿತ್ತು, ಹೋದೆವು.

ಅಪ್ಪ ತೀರಿಹೋದ ವರ್ಷ ನಾನು ಶಾಲೆ ಬಿಟ್ಟೆ. ಅಂಧೇರಿಯ ಒಂದು ಆಫೀಸ್ ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆಯಲು ಸೇರಿದೆ. ಸುಮತಿ ಓದಿದಳು. ಡಿ.ಎಡ್. ಮುಗಿಸಿ ಅದೇ ಶಾಲೆಗೆ ಟೀಚರಾಗಿ ಬಂದಳು. ಅಂದು ಚಾಳಿನ ಅಷ್ಟೂ ಖೋಲಿಗಳಿಗೆ ನಾನು ಪೇಡಾ ಹಂಚಿದ್ದೆ. "ನನ್ನ ತಂಗಿ, ಟೀಚರ್" ಎಂದು ಕೇಳದವರಿಗೂ ಹೇಳಿಕೊಂಡು ತಿರುಗಿದ್ದೆ.

ಆಮೇಲೆ ಬಿಲ್ಡರ್ ಬಂದ. ಚಾಳ್ ಬಿತ್ತು. ಅದೇ ಜಾಗದಲ್ಲಿ ಎರಡು ಕಟ್ಟಡ ಎದ್ದವು. ರಸ್ತೆಯ ಕಡೆಗೆ ಎತ್ತರದ ಟವರ್, ಅದು ಮಾರಾಟಕ್ಕೆ. ಹಿಂದುಗಡೆ ಕಂಪೌಂಡ್ ಗೋಡೆಗೆ ಒತ್ತಿಕೊಂಡು ಏಳು ಮಹಡಿಯದೊಂದು, ಅದು ಚಾಳಿನ ಹಳಬರಿಗೆ. ಮುಂದಿನದಕ್ಕೆ ಮಾರ್ಬಲ್ ನೆಲ, ಹಿಂದಿನದಕ್ಕೆ ಸದಾ ಕೆಟ್ಟಿರುವ ಲಿಫ್ಟ್. ಸೊಸೈಟಿ, ಗೇಟು ಮಾತ್ರ ಎರಡಕ್ಕೂ ಒಂದೇ. ನನಗೂ ಸಿಕ್ಕಿದ್ದು ಹಿಂದೆಯೇ. ಕ್ಯಾಂಟೀನಿನ ಕಾಂಟ್ರ್ಯಾಕ್ಟ್ ನನ್ನ ಕೈಗೆ ಬಂದ ಮೇಲೆ ಅದನ್ನು ಮಾರಿ ಟವರಿನ ಮೂರನೇ ಮಹಡಿಗೆ ಬಂದೆ. (ನೂರು ಹೆಜ್ಜೆ ದೂರ. ಆದರೆ ಅಲ್ಲಿಂದ ಬಂದವ ಎಂದು ಟವರಿನಲ್ಲಿ ಯಾರಿಗೂ ಹೇಳಲಿಲ್ಲ.)

ಈಗ ಒಂದು ವಿಚಿತ್ರ ನೋಡಿ. ಶಾಲೆ ಇದ್ದಲ್ಲೇ ಇತ್ತು. ಟೀಚರುಗಳೂ ಅವರೇ. ಹೊಸ ಬೆಂಚು ಬಂತು, ಗೋಡೆಗೆ ದೊಡ್ಡ ಟಿವಿ ಬಂತು, ಮಕ್ಕಳಿಗೆ ಚೀಲ, ಬೂಟು, ಛತ್ರಿ ಎಲ್ಲ ಪುಕ್ಕಟೆ. ನಮ್ಮ ಕಾಲಕ್ಕಿಂತ ಎಷ್ಟೋ ಮೇಲು. ಆದರೂ ಟವರಿನ ಲಿಫ್ಟಿನಲ್ಲಿ ಕೇಳುವ ಮಾತು ಒಂದೇ: "ಆ ಸ್ಕೂಲಿನ ಸ್ಟ್ಯಾಂಡರ್ಡ್ ಹೋಯಿತು."

ಯಾರು ಒಳಗೆ ಹೋಗಿ ನೋಡಿ ಬಂದರು? ಒಬ್ಬರೂ ಇಲ್ಲ. ನೋಡಿದ್ದು ಶಾಲೆಯಿಂದ ಹೊರಬರುವ ಮಕ್ಕಳನ್ನು ಮಾತ್ರ. ನಮ್ಮ ಹೋಟೆಲಿನವರ ಮಕ್ಕಳು ಇಂಗ್ಲಿಷ್ ಮೀಡಿಯಮ್ಮಿಗೆ ಹೋದರು. ಅವರು ಬಿಟ್ಟ ಬೆಂಚುಗಳಲ್ಲಿ ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಕುಳಿತರು. ನಾಲೆಯ ದಡದ ತಗಡಿನ ಪತ್ರಾ ಮನೆಗಳಿಂದ ಬರುವ ಮಕ್ಕಳು. ನಮ್ಮ ಟವರಿಗೆ ಇಟ್ಟಿಗೆ ಹೊತ್ತವರೂ ಆ ಮನೆಗಳಲ್ಲಿದ್ದಾರೆ. ಅವರು ಕಟ್ಟಿದ ಮನೆ ಒಳ್ಳೆಯದು, ಅವರ ಮಕ್ಕಳು ಓದುವ ಶಾಲೆ ಕೆಟ್ಟದ್ದು. ಇದು ಯಾವ ನ್ಯಾಯ?

ನಾನೂ ತಲೆಯಾಡಿಸಿದ ನ್ಯಾಯ, ಬೇರೇನಲ್ಲ. ನನ್ನ ಮಗನನ್ನು ನಾಲ್ಕು ಸಿಗ್ನಲ್ ಆಚೆಯ ಇಂಗ್ಲಿಷ್ ಶಾಲೆಗೆ ಬಸ್ಸಿನಲ್ಲಿ ಕಳಿಸಿದೆ. "ನಿನ್ನ ಮಗ, ನಿನ್ನ ಇಷ್ಟ" ಎಂದಳು ಸುಮತಿ, ಅಷ್ಟೇ. ಇಂದು ಅವನಿಗೆ ಕನ್ನಡ ಅರ್ಥವಾಗುತ್ತದೆ, ಈ ಅಂಕಣ ಓದಲು ಬರುವುದಿಲ್ಲ. (ಈ ವಾರದ ಮಟ್ಟಿಗೆ ಅದೊಂದು ಸಮಾಧಾನ.)

ಇನ್ನೂ ನಾಚಿಕೆಯ ಸಂಗತಿ ಇದೆ. ಕಳೆದ ನವೆಂಬರಿನಲ್ಲಿ ಇದೇ ಜಾಗದಲ್ಲಿ "ಮುಂಬಯಿಯ ಕನ್ನಡ ಶಾಲೆ ಉಳಿಸೋಣ" ಎಂದು ಬರೆದಿದ್ದೆ. ಎಷ್ಟು ಫೋನು! ಎಷ್ಟು ಮೆಚ್ಚುಗೆ! ಒಬ್ಬರು ಶಾಲು ಹೊದಿಸುತ್ತೇನೆಂದರು. ಹೊದಿಸಿಕೊಂಡೆ.

ಐದು ತಿಂಗಳಿಗೆ ಶಾಲೆ ನನ್ನ ಗೇಟಿಗೇ ಬಂತು.

ಮುನ್ಸಿಪಾಲ್ಟಿ ಶಾಲೆಯ ಟೀಚರುಗಳು ಬೇಸಿಗೆಯಲ್ಲಿ ಮನೆ ಮನೆ ತಿರುಗುವುದನ್ನು ನೀವು ನೋಡಿರಬಹುದು. ಕೈಯಲ್ಲಿ ಪಾಂಪ್ಲೆಟ್, ಹೆಗಲಲ್ಲಿ ನೀರಿನ ಬಾಟಲಿ. "ನಿಮ್ಮಲ್ಲಿ ಆರು ವರ್ಷದ ಮಗು ಇದೆಯಾ?" ಎಂದು ಕೇಳುತ್ತಾರೆ. ಈ ಸಲ ಸುಮತಿಯ ಶಾಲೆಯಲ್ಲಿ ಒಂದನೇ ಇಯತ್ತೆ ತೆರೆಯಲು ಇನ್ನೂ ನಾಲ್ಕು ಮಕ್ಕಳು ಬೇಕಿತ್ತು. ಸಿಗದಿದ್ದರೆ ಹೆಸರು ಬರೆಸಿದ ಮಕ್ಕಳನ್ನೂ ರೈಲು ಪಟರಿಯ ಆಚೆಯ ಶಾಲೆಗೆ ಕಳಿಸುತ್ತಾರೆ. "ಅಷ್ಟು ದೂರ ಈ ಪುಟಾಣಿಗಳು ಹೋಗೋದಿಲ್ಲ ಅಣ್ಣ, ಮನೆಯಲ್ಲೇ ಉಳೀತಾವೆ" ಎಂದಿದ್ದಳು. ಅವಳು ಕೇಳಿದ್ದು ಒಂದೇ: ಸೊಸೈಟಿಯ ಮನೆಗಳ ಬಾಗಿಲು ತಟ್ಟಲು ಪರವಾನಗಿ.

ಮತ್ತೆ ಯಾಕೆ ಹಾಗೆ ಮಾಡಿದೆ?

ಆ ಹೊತ್ತಿಗೆ ನನ್ನೆದುರು ಒಬ್ಬ ಬ್ರೋಕರ್ ಕುಳಿತಿದ್ದ. ಜೊತೆಗೆ ಫ್ಲ್ಯಾಟ್ ನೋಡಲು ಬಂದ ಗಂಡ ಹೆಂಡತಿ. ಆ ಹೆಂಗಸು ಕಿಟಕಿಯಿಂದ ಶಾಲೆಯನ್ನು ನೋಡಿ ಹುಬ್ಬು ಗಂಟಿಕ್ಕಿ, ಬಿಲ್ಡಿಂಗಿನ ಮಕ್ಕಳು ಅಲ್ಲಿಗೆ ಹೋಗುವುದಿಲ್ಲ ತಾನೇ ಎಂದು ಕೇಳಿದರು.

"ಯೇ ಮುನ್ಸಿಪಾಲ್ಟಿ ಸ್ಕೂಲ್ ಹೈ ನಾ? ಬಿಲ್ಡಿಂಗ್ ಕೇ ಬಚ್ಚೇ ತೋ ಉಧರ್ ನಹೀ ಜಾತೇ?"

"ಅರೇ ನಹೀ ಮ್ಯಾಡಮ್! ಇಧರ್ ಕಾ ಕ್ರೌಡ್ ಅಲಗ್ ಹೈ" ಎಂದ ಬ್ರೋಕರ್. "ಪೂಛಿಯೇ ಸೆಕ್ರೆಟರಿ ಸಾಬ್ ಸೇ."

ಇಲ್ಲಿಯ ಜನ ಬೇರೆ ತರಹದವರಂತೆ! ಸಾಕ್ಷಿಗೆ ನಾನಂತೆ! ನಾನು ಬಾಯಿ ತೆರೆಯುವ ಮೊದಲೇ ಇಂಟರ್‌ಕಾಮ್ ರಿಂಗಾಯಿತು. ಮೂವರು ಟೀಚರುಗಳು ಬೆವರು ಒರೆಸಿಕೊಂಡು ಒಳಗೆ ಬರುತ್ತಾರೆ, ಒಬ್ಬಳು ಈ ಜನರ ಎದುರು "ಅಣ್ಣ" ಎಂದು ಕರೆಯುತ್ತಾಳೆ. ಆ ಚಿತ್ರ ಕಣ್ಣ ಮುಂದೆ ಬಂದು ನನ್ನ ಬಾಯಿಂದ ಆ ಮಾತು ಹೊರಟಿತು.

ಕಿಟಕಿಯಿಂದ ನೋಡಿದೆ. ಸುಮತಿ ಮಿಶ್ರಾಜಿಯ ಕೈಗೆ ಒಂದಿಷ್ಟು ಪಾಂಪ್ಲೆಟ್ ಕೊಟ್ಟಳು. ಬಾಟಲಿ ಎತ್ತಿ ನೀರು ಕುಡಿದಳು. ಮೂವರೂ ನಾಲೆಯ ಕಡೆಗೆ ನಡೆದರು. ಅವಳು ತಲೆ ಎತ್ತಿ ನೋಡಲೂ ಇಲ್ಲ. (ಆ ಗಂಡ ಹೆಂಡತಿ ಫ್ಲ್ಯಾಟ್ ತೆಗೆದುಕೊಳ್ಳಲಿಲ್ಲ. ಪಾರ್ಕಿಂಗ್ ಚಿಕ್ಕದಾಯಿತಂತೆ.)

ಮುಂದಿನ ಭಾನುವಾರ ಎಂದಿನಂತೆ ಊಟಕ್ಕೆ ಬಂದಳು. ಸಾರು ಇನ್ನೊಮ್ಮೆ ಹಾಕಿಸಿಕೊಂಡಳು. ಗೇಟಿನ ವಿಷಯ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವಳಿಗೆ ಬೇಸರವಿಲ್ಲ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ಎಷ್ಟು ಅನುಕೂಲ, ಅಲ್ಲವೇ?

ಜೂನ್‌ನಲ್ಲಿ ಫೋನ್ ಮಾಡಿದಳು. "ಈ ವರ್ಷ ಒಂದನೇ ಇಯತ್ತೆ ಇಲ್ಲ ಅಣ್ಣ."

"ಛೇ" ಎಂದೆ.

ನನ್ನ ಮನಸ್ಸಿನಲ್ಲಿ ಒಂದು ವಾದ ಸಿದ್ಧವಿತ್ತು. ಅವರು ಒಳಗೆ ಬಂದಿದ್ದರೂ ಏನು ಸಿಗುತ್ತಿತ್ತು? ನಮ್ಮ ಬಿಲ್ಡಿಂಗಿನಲ್ಲಿ ಆ ಶಾಲೆಗೆ ಮಕ್ಕಳನ್ನು ಕಳಿಸುವವರು ಯಾರು? ಯಾರೂ ಇಲ್ಲ. ಈ ವಾದದ ಮೇಲೆ ತಲೆಯಿಟ್ಟು ಮೂರು ತಿಂಗಳು ನಿದ್ದೆ ಮಾಡಿದೆ.

ಕಳೆದ ವಾರ ಹಿಂದಿನ ಬಿಲ್ಡಿಂಗಿನಲ್ಲಿ ನೀರು ಸೋರುತ್ತಿದೆ ಎಂದು ದೂರು ಬಂತು. ಪ್ಲಂಬರನ ಜೊತೆ ಹೋದೆ. ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತಿ ನಾಲ್ಕನೇ ಮಹಡಿಗೆ ಬಂದಾಗ ಒಂದು ಬಾಗಿಲಲ್ಲಿ ಯಾದಗಿರಿ ಕಡೆಯ ಹೆಂಗಸು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಹೆಸರು ಮಹಾದೇವಿ. ಚಾಳಿನ ಹಳಬರು ಬಹಳ ಮಂದಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಡೊಂಬಿವಲಿ ಕಡೆಗೆ ಹೋಗಿದ್ದಾರೆ. ಬಾಡಿಗೆದಾರರ ಕಾಗದಕ್ಕೆ ಸಹಿ ಹಾಕುವವ ನಾನೇ. ಆ ಕಾಗದಗಳಲ್ಲಿ ಮಕ್ಕಳ ಹೆಸರೂ ಇರುತ್ತದೆ. ಓದಿದ್ದರೆ ತಾನೇ?

ಅವಳ ಪಕ್ಕದಲ್ಲಿ ಪುಟ್ಟ ಹುಡುಗಿಯೊಂದು ಬೇಳೆಯಿಂದ ಕಲ್ಲು ಆರಿಸುತ್ತಿತ್ತು. ವಾರದ ನಡುವಿನ ದಿನ, ಶಾಲೆಯ ಹೊತ್ತು.

"ಇವಳು ಶಾಲೆಗೆ ಹೋಗಿಲ್ವಾ?"

"ಎಲ್ಲಿಗಿ ಹೋಗ್ತಾಳ್ರೀ ಸಾಹೇಬ್ರ? ಎದರಿನ ಕನ್ನಡ ಸಾಲ್ಯಾಗ ಒಂದನೇತ್ತ ಇಲ್ಲಂತ. ಪಟರಿ ಆಚಿಗಿ ಹೋಗಂದ್ರು. ನಾ ನಾಕು ಮನಿ ಕೆಲಸಕ್ಕ ಹೋಗಾಕಿ. ಈ ಕೂಸಿನ್ನ ದಿನಾ ಯಾರು ಕರಕೊಂಡ ಹೋಗವ್ರು?"

"ಮೊದಲೇ ಹೆಸರು ಬರೆಸಬೇಕಿತ್ತಲ್ಲ?"

"ನಾವು ಬಂದದ್ದ ಮಾರ್ಚ್‌ನ್ಯಾಗ್ರೀ. ನಮಗೇನ ಗೊತ್ತು? ನಾಲಾ ದಂಡಿಗಿ ಟೀಚರ್‌ಗೋಳು ಮನಿಮನಿಗಿ ಬಂದು ಬರಕೊಂಡ ಹೋದ್ರಂತ. ಇಲ್ಲಿಗಿ ಯಾರೂ ಬರಲಿಲ್ಲ." ಅವಳು ನಕ್ಕಳು. "ನಾವೀಗ ಬಿಲ್ಡಿಂಗ್ ಮಂದಿ ಆಗೇವಲ್ಲ, ದೊಡ್ಡವ್ರು! ನಮ್ಮನ್ನ್ಯಾಕ ಕೇಳ್ತಾರ?"

ನನಗೆ ನಗು ಬರಲಿಲ್ಲ. ಇನ್ನೂ ಯಾರಾದರೂ ಇದ್ದಾರಾ ಎಂದು ಕೇಳಿದೆ. ಮೇಲಿನ ಮಹಡಿಯಲ್ಲಿ ಅವಳ ನಾದಿನಿಯ ಮಗ. ಆರನೆಯದರಲ್ಲಿ ಅವಳಿ ಮಕ್ಕಳು. ಕೆಳಗೆ ಗೌಂಡಿ ಕೆಲಸದವನ ಮಗಳು. ಒಟ್ಟು ಐದು.

ಸುಮತಿಗೆ ಬೇಕಿದ್ದದ್ದು ನಾಲ್ಕು.

ಬಿಲ್ಡಿಂಗಿನವರು ಅಂದರೆ ಯಾರು ಎಂದು ನಾನು ಟವರಿನಲ್ಲಿ ಕುಳಿತು ತೀರ್ಮಾನಿಸಿಬಿಟ್ಟಿದ್ದೆ. ಹಿಂದಿನ ಏಳು ಮಹಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ, ನಾನೇ ವಾಸವಿದ್ದ ಏಳು ಮಹಡಿ. ಶಾಲೆಯನ್ನು ಮಕ್ಕಳ ಮನೆ ನೋಡಿ ಅಳೆದೆ, ಮನೆಯನ್ನು ಗೋಡೆಯ ಬಣ್ಣ ನೋಡಿ ಅಳೆದೆ. ಎರಡೂ ಕಡೆ ತಪ್ಪಿದೆ. ಅದರ ಬೆಲೆ ತೆರುತ್ತಿರುವುದು ಬೇಳೆ ಆರಿಸುವ ಹುಡುಗಿ.

ಮರುದಿನ ಮಧ್ಯಾಹ್ನ ಶಾಲೆಗೆ ಹೋದೆ. ಒಳಗೆ ಕಾಲಿಟ್ಟು ಎಷ್ಟೋ ವರ್ಷವಾಗಿತ್ತು. ಊಟದ ಬಿಡುವು. ಸುಮತಿ ವರಾಂಡದಲ್ಲಿ ನಿಂತು ಮಕ್ಕಳಿಗೆ ಖಿಚಡಿ ಬಡಿಸುತ್ತಿದ್ದಳು.

"ಎಂತ ಅಣ್ಣ, ದಾರಿ ತಪ್ಪಿತಾ?"

ಐದು ಹೆಸರಿದ್ದ ಚೀಟಿ ಕೊಟ್ಟೆ. ಕೈ ಒರೆಸಿಕೊಂಡು ಓದಿದಳು. "ಎಲ್ಲಿಯ ಮಕ್ಕಳು ಇವು?"

"ನಮ್ಮ ಹಿಂದಿನ ಬಿಲ್ಡಿಂಗಿನವು."

ಹೆಸರುಗಳನ್ನು ಬೆರಳಿಟ್ಟು ಎಣಿಸಿದಳು. "ಈಗ ತಂದು ಕೊಟ್ರೆ ನಾನು ಎಂತ ಮಾಡ್ಲಿ ಅಣ್ಣ? ಕ್ಲಾಸೇ ಹೋಯ್ತಲ್ಲ." ಆಮೇಲೆ ಚೀಟಿ ಮಡಚಿ ಪರ್ಸಿಗೆ ಹಾಕಿಕೊಂಡಳು. "ಇರ್ಲಿ. ಆಚೆ ಶಾಲೆಯಲ್ಲಿ ಬರೆಸ್ತೇನೆ. ಐದು ಮಂದಿ ಇದ್ರೆ ಕರ್ಕೊಂಡು ಹೋಗ್ಲಿಕ್ಕೆ ಒಬ್ಬರನ್ನು ಹುಡುಕಬಹುದು."

ಅಷ್ಟರಲ್ಲಿ ಪಾಟೀಲ ಟೀಚರ್ ಬಂದರು. ವಿಜಯಪುರದ ಕಡೆಯವರು. ಅಂದು ಗೇಟಿನಲ್ಲಿ ನಿಂತಿದ್ದ ಮೂವರಲ್ಲಿ ಒಬ್ಬರು.

"ಅಯ್ಯ, ಅಣ್ಣಾರು! ಬರ್ರೀ ಬರ್ರೀ. ಏಪ್ರಿಲ್‌ನ್ಯಾಗ ನಿಮ್ಮ ಬಿಲ್ಡಿಂಗಿಗಿ ಬಂದಿದ್ವಿ ನೋಡ್ರಿ. ನೀವು ಊರಿಗಿ ಹೋಗಿದ್ರಂತ, ಸುಮತಿ ಟೀಚರ್ ಹೇಳಿದ್ರು. ನೀವಿದ್ದಿದ್ರ ಆ ವಾಚ್‌ಮನ್ ನಮ್ಮನ್ನ ಹಂಗ ಹೊಳ್ಳಿಸಿ ಕಳಸ್ತಿದ್ನೇನ್ರೀ?"

ನಾನು ಸುಮತಿಯ ಮುಖ ನೋಡಿದೆ. ಅವಳು ಖಿಚಡಿಯ ಪಾತ್ರೆಯ ಕಡೆ ತಿರುಗಿದಳು.

ನಾನು ಆಫೀಸಿನಲ್ಲೇ ಇದ್ದೇನೆಂದು ಅವಳಿಗೆ ಗೊತ್ತಿತ್ತು. ಬಿಸಿಲಲ್ಲಿ, ಅಣ್ಣನ ಬಿಲ್ಡಿಂಗಿನ ಗೇಟಿನಿಂದ ತಿರುಗಿ ನಡೆಯುವಾಗ, ಜೊತೆಯವರ ಮುಂದೆ ನನ್ನ ಮರ್ಯಾದೆ ಹೋಗಬಾರದು ಎಂದು ಒಂದು ಸುಳ್ಳು ಹೇಳಿದ್ದಳು. ಮೂರು ತಿಂಗಳಿಂದ ಅದನ್ನು ಕಾಪಾಡಿಕೊಂಡೂ ಬಂದಿದ್ದಳು.

"ಅಣ್ಣನಿಗೆ ಚಹಾ ತರಿಸ್ತೇನೆ" ಎಂದು ಗಡಿಬಿಡಿಯಲ್ಲಿ ಮಾತು ತಿರುಗಿಸಿದಳು.

ಚಹಾ ಕುಡಿದು ಎದ್ದು ಬರಬಹುದಿತ್ತು. ವರಾಂಡದಲ್ಲಿ ಮಕ್ಕಳ ಗದ್ದಲ. ಆ ಗದ್ದಲಕ್ಕಿಂತ ಗಟ್ಟಿಯಾಗಿ ಹೇಳಬೇಕಾಯಿತು.

"ನಾನು ಊರಿಗೆ ಹೋಗಿರಲಿಲ್ಲ ಟೀಚರ್. ಮೇಲೆ ಆಫೀಸಿನಲ್ಲೇ ಕೂತಿದ್ದೆ. ನಿಮ್ಮನ್ನು ಬಿಡಬೇಡ ಅಂತ ಹೇಳಿದವ ನಾನೇ. ಸುಮತಿ, ನೀನು ನನ್ನ ತಂಗಿ ಅಂತ ಆ ಜನರ ಎದುರು ಹೇಳ್ಲಿಕ್ಕೆ ನನಗೆ ನಾಚಿಕೆಯಾಯ್ತು. ತಪ್ಪಾಯ್ತು ನನ್ನಿಂದ."