ಚೆಲ್ಲಬೇಕಾಗಿದ್ದ ಮೊದಲ ಟ್ಯೂಬು

ಬನಹಟ್ಟಿಯ ನಮ್ಮ ಮನೆಯಲ್ಲಿ ಮಗ್ಗದ ಪಕ್ಕ ಒಂದು ಡಬ್ಬಿ ಇದೆ. ಗೇಣುದ್ದದ ತುಂಡು ನೂಲನ್ನೂ ನಮ್ಮಕ್ಕ ಅದರಲ್ಲಿ ತುಂಬಿಡುತ್ತಾಳೆ. ಎಸೆಯುವುದೆಂದರೆ ಅವಳಿಗೆ ಮೈ ಉರಿಯುತ್ತದೆ. ನನ್ನ ಕಸುಬೋ, ಮಿತ್ರರೇ, ಎಸೆಯುವುದರಿಂದಲೇ ಶುರುವಾಗುತ್ತದೆ. ಸ್ತನ ಕ್ಯಾನ್ಸರಿನ ಜೀವಕೋಶಗಳು ರಕ್ತದಲ್ಲಿ ತಲೆಮರೆಸಿಕೊಂಡು ತಿರುಗುತ್ತಿದ್ದರೆ ಯಾವ ಅಣುವಿನ ಗುರುತಿನಿಂದ ಹಿಡಿಯಬಹುದು, ಆ ಗುರುತನ್ನು ಎಷ್ಟು ನಂಬಬಹುದು ಎಂದು ಬೆಳಗಾವಿಯ ಪ್ರಯೋಗಾಲಯವೊಂದರಲ್ಲಿ ಒರೆಗೆ ಹಚ್ಚುವವಳು ನಾನು. ಕೆರಾಟಿನ್ ಎಂಬ ಪ್ರೋಟೀನಿನ ಗುರುತು ಸ್ತನದ ಕೋಶದಲ್ಲಿದೆ, ರಕ್ತದ ಕೋಶದಲ್ಲಿಲ್ಲ; ರಕ್ತದಲ್ಲಿ ಕಂಡರೆ ಕ್ಯಾನ್ಸರಿನ ಸುಳಿವು. ಆದರೆ ಹಾಳಾದ್ದು, ಚರ್ಮದಲ್ಲೂ ಇದೆ. ಸೂಜಿ ಚುಚ್ಚಿದಾಗ ಚರ್ಮದ ಚೂರು ಒಳಸೇರುವುದರಿಂದ ಮೊದಲ ಟ್ಯೂಬಿನ ರಕ್ತ ಚೆಲ್ಲಿ, ಎರಡನೆಯದನ್ನು ಇಟ್ಟುಕೊಳ್ಳಬೇಕು.

ಹೋಲಿಕೆಗೆ ಆರೋಗ್ಯವಂತ ಹೆಂಗಸರ ರಕ್ತವೂ ಬೇಕಿತ್ತು. ನಮ್ಮಕ್ಕನಿಗಿಂತ ಗಟ್ಟಿಮುಟ್ಟಾದವರು ಯಾರಿದ್ದಾರೆ ಎಂದು ಊರಿಗೆ ಹೋದೆ. ಮೊದಲ ಟ್ಯೂಬನ್ನು ಬದಿಗಿಟ್ಟದ್ದೇ ತಡ, "ಅದನ್ಯಾಕ ಚೆಲ್ಲತೀಲೇ? ನನ್ನ ಮೈಯಾಗಿಂದ ಅದು. ಒಯ್ಯೂದಿದ್ರ ಅದನ್ನ ಒಯ್ಯಿ, ಇನ್ನೊಂದು ಕೊಡಂಗಿಲ್ಲ" ಎಂದು ತೋಳು ಮಡಚಿದಳು. ಇಷ್ಟು ವರ್ಷ ಕಲಿತ ವಿದ್ಯೆ ಅಕ್ಕನ ಒಂದು ಗದರಿಕೆಗೆ ಬಾಲ ಮುದುರಿತು. ಅದನ್ನೇ ಒಯ್ದೆ.

ಅದರಲ್ಲಿ ಗುರುತು ಢಾಳಾಗಿ ಕಾಣಿಸಿತು.

ಚರ್ಮದ್ದೇ ಇರಬೇಕು ಎಂದು ಒಂದು ಗಳಿಗೆ, ಅಲ್ಲದಿದ್ದರೆ ಎಂದು ಮರುಗಳಿಗೆ. ಎರಡು ದಿನ ಒದ್ದಾಡಿ, ಲೋಕಾಪುರ, ಮುಧೋಳಗಳಲ್ಲಿ ನಿಂತು ನಿಂತು ಹೋಗುವ ಬಸ್ಸಿಗೆ ಮನಸ್ಸಿನಲ್ಲೇ ಬೈಯುತ್ತ ಮತ್ತೆ ಊರಿಗೆ ಹೋದೆ. ಸುಳ್ಳು ಸುಳಿವು ಎಂಬುದು ಅಲ್ಲಿಯವರೆಗೆ ನನ್ನ ವರದಿಯಲ್ಲಿ ನಾಚಿಕೆಯ ಒಂದು ಸಾಲು. ಈಗ ಅದು ಸುಳ್ಳೇ ಆಗಲಿ ಎಂದು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನನ್ನ ಮುಖ ನೋಡಿ ಅಕ್ಕ ವಾದ ಮಾಡಲಿಲ್ಲ. ಮೊದಲನೆಯದನ್ನು ಚೆಲ್ಲಿ, ಎರಡನೆಯದನ್ನು ತಂದು ಪರೀಕ್ಷಿಸಿದೆ. ಗುರುತಿರಲಿಲ್ಲ. ಅಲ್ಲಿಂದಲೇ ಫೋನು ಹಚ್ಚಿದೆ.

"ಯಕ್ಕಾ, ನಿನ್ನ ರಕ್ತದಾಗ ಏನೂ ಇಲ್ಲ ಬೇ."

ಅಕ್ಕ ಮಗ್ಗ ನಿಲ್ಲಿಸಿ ಕೇಳಿದಳು.

"ಹಂಗಾರ ಎಡಗಡಿ ಎದ್ಯಾಗ ಶೇಂಗಾಕಾಳಿನಷ್ಟು ಕೈಗೆ ಹತ್ತತೈತಲ್ಲ, ಅದೇನು? ಮೂರು ತಿಂಗಳಾತು."

ರಕ್ತದಲ್ಲಿ ಸಿಗದಿದ್ದರೆ ಎದೆಯಲ್ಲಿ ಇಲ್ಲವೆಂದಲ್ಲ; ಈ ಪಾಠವನ್ನು ಊರಿಗೆಲ್ಲ ಹೇಳುವವಳು ನಾನೇ. ನಾಳೆಯೇ ಡಾಕ್ಟರ ಬಳಿ ಹೋಗೋಣ, ನಾನು ಬರುತ್ತೇನೆ ಎಂದೆ. ಭಯ ಸಿಟ್ಟಾಗಿ ಹೊರಬಿತ್ತು.

"ಎರಡ ಸಲ ಬಂದಿದ್ದೆ. ಯಾಕ ಹೇಳಲಿಲ್ಲ?"

"ನೀ ರಕ್ತ ಕೇಳಿದಿ, ಕೊಟ್ನಿ" ಎಂದಳು ಅಕ್ಕ. "ಆರಾಮ ಅದೀಯೇನು ಅಂತ ಒಮ್ಮ್ಯಾರ ಕೇಳಿದಿ?"