ಮುಗೀತು, ಮುಗೀತು

ಮಕ್ಕಳ ವಿಷಯದಲ್ಲಿ ನನ್ನಷ್ಟು ಜಂಬ ಕೊಚ್ಚಿಕೊಂಡವನು ನಮ್ಮ ಬೀದಿಯಲ್ಲಿ ಇನ್ನೊಬ್ಬನಿರಲಿಲ್ಲ. ಅದಕ್ಕೆ ಕಾರಣವೂ ಇತ್ತು ಅನ್ನಿ. ಬೀದಿಯ ತಿರುವಿನಲ್ಲಿ, ಔಷಧಿ ಅಂಗಡಿಗೂ ಸೈಕಲ್ ರಿಪೇರಿಯವನಿಗೂ ನಡುವೆ ಒತ್ತಿಕೊಂಡು ಕೂತ ಕ್ಷೌರದಂಗಡಿ ನನ್ನದು. ಬೋರ್ಡಿನ ಮೇಲೆ ಏನೇ ಬರೆದಿರಲಿ, ತಾಯಂದಿರು ಅದನ್ನು ಕರೆಯುತ್ತಿದ್ದುದು 'ಅಳು ನಿಲ್ಸೋ ಅಂಗಡಿ' ಎಂದು. ಬೇರೆ ಕಡೆ ಕತ್ತರಿ ಕಂಡರೆ ಬೀದಿ ಒಂದಾಗುವ ಹಾಗೆ ಕಿರುಚುವ ಮಗು ನನ್ನ ಕುರ್ಚಿಯಲ್ಲಿ ತೆಪ್ಪಗೆ ಕೂತಿರುತ್ತಿತ್ತು.

ನನ್ನ ಬತ್ತಳಿಕೆಯೇನೂ ದೊಡ್ಡದಲ್ಲ. ಕುರ್ಚಿಯ ಎರಡು ಕೈಗಳ ಮೇಲೆ ಹಲಗೆ ಅಡ್ಡವಿಟ್ಟು, ಮಗುವನ್ನು ಅದರ ಮೇಲೆ ಕೂರಿಸಿ, ವಿಮಾನ ಹೊರಟಿತು ಎನ್ನುವುದು. ಕತ್ತರಿಯನ್ನು ಗಾಳಿಯಲ್ಲಿ ಆಡಿಸಿ ಗುಬ್ಬಚ್ಚಿಯ ಸದ್ದು ಮಾಡುವುದು. ಬಾಚಣಿಗೆಗೆ ಕಾಗದ ಸುತ್ತಿ ಪೀಪಿ ಊದುವುದು. ಸ್ಪ್ರೇ ಬಾಟಲಿಯಿಂದ ಕನ್ನಡಿಯ ಮೇಲೆ ಮಳೆ ಸುರಿಸುವುದು. ಇದ್ಯಾವುದೂ ನಡೆಯದಿದ್ದರೆ ಬ್ರಹ್ಮಾಸ್ತ್ರ: "ಮುಗೀತು, ಮುಗೀತು, ಮುಗ್ದೇ ಹೋಯ್ತು!"

ಈ ಮಾತಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಸುಬಿನಲ್ಲಿ 'ಮುಗೀತು' ಎಂದರೆ ಮುಗಿಯಿತು ಎಂದಲ್ಲ. ಒಂದು ಕಿವಿಯ ಸುತ್ತ ಆಗಿದೆ, ಇನ್ನೊಂದು ಕಡೆ ಪೂರ್ತಿ ಬಾಕಿಯಿದೆ, ದಯವಿಟ್ಟು ಅಲ್ಲಾಡಬೇಡ ಎಂದು ಅರ್ಥ. ನಿಜವಾಗಿ ಮುಗಿದಾಗ ನಾವು ಏನನ್ನೂ ಹೇಳುವುದಿಲ್ಲ. ಮೈಮೇಲಿನ ಬಟ್ಟೆ ತೆಗೆದು ಕೊಡವುತ್ತೇವೆ, ಅಷ್ಟೇ.

ನನ್ನ ಸೊಸೆ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಮನೆಗೆ ಬಂದ ಹೊಸತರಲ್ಲಿ ಈ ಕಸುಬಿನ ಗುಟ್ಟು ಹೇಳಿದಾಗ ಬಿದ್ದೂ ಬಿದ್ದೂ ನಕ್ಕಿದ್ದಳು. "ಅಯ್ಯೋ ಮಾವ, ನಾವೂ ಅದನ್ನೇ ಹೇಳೋದು! ಸೂಜಿ ಇನ್ನೂ ನನ್ನ ಕೈಲೇ ಇರುತ್ತೆ, ಆಗ್ಲೇ ಮುಗೀತು ಮುಗೀತು ಅಂತಿರ್ತೀನಿ." ಅಂದಿನಿಂದ ಅದು ನಮ್ಮಿಬ್ಬರ ನಡುವಿನ ತಮಾಷೆ. ಅಡುಗೆ ಆಯಿತೇ ಎಂದು ಕೇಳಿದಾಗ ಅವಳು "ಮುಗೀತು, ಮುಗೀತು" ಎಂದರೆ ನಾನು ಮಡಿಸಿಟ್ಟ ಪೇಪರನ್ನು ಮತ್ತೆ ಬಿಡಿಸುತ್ತೇನೆ.

ಹೋದ ವರ್ಷ ನನ್ನ ಬಲಗೈ ನಡುಗಲು ಶುರುವಾಯಿತು. ತಪ್ಪನ್ನು ಮೊದಲು ಕಾಫಿಯ ಮೇಲೆ ಹಾಕಿದೆ, ಆಮೇಲೆ ಚಳಿಯ ಮೇಲೆ, ಆಮೇಲೆ ಕತ್ತರಿಯ ಮೇಲೆ. ಕೊನೆಗೊಂದು ಬೆಳಿಗ್ಗೆ ಗಡ್ಡ ಮಾಡಿಸಿಕೊಳ್ಳಲು ಕೂತಿದ್ದ ಔಷಧಿ ಅಂಗಡಿಯವನು, ರೇಜರ್ ಹಿಡಿದ ನನ್ನ ಕೈಯನ್ನು ಕನ್ನಡಿಯಲ್ಲಿ ನೋಡಿ, "ಇವತ್ತು ಬೇಡ ಬಿಡಿ, ಗಡ್ಡ ಬೆಳೆಸೋಣ ಅಂತಿದ್ದೀನಿ" ಎಂದು ಎದ್ದುಬಿಟ್ಟ. ಅವನು ಗಡ್ಡ ಬೆಳೆಸುವ ಪೈಕಿ ಅಲ್ಲ ಎಂದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಪಕ್ಕದ ಕುರ್ಚಿಯಲ್ಲಿ ಕೆಲಸ ಮಾಡುತ್ತಿದ್ದ ನನ್ನ ಮಗ ಬಂದು ನನ್ನ ಕೈಯಿಂದ ರೇಜರ್ ತೆಗೆದುಕೊಂಡ. ಅಂಗಡಿ ಅವನದಾಯಿತು. ನಾನು ಮನೆಗೆ ಬಂದು ಕಿಟಕಿಯ ಪಕ್ಕ ಕೂತೆ, ಕುರ್ಚಿಗೇ ಬೇಜಾರಾಗುವಷ್ಟು ಕೂತೆ.

ಅಷ್ಟರಲ್ಲಿ ಸೊಸೆ ಮತ್ತೆ ಕೆಲಸಕ್ಕೆ ಹೋಗುವ ಕಾಲ ಬಂತು. ಮೊಮ್ಮಗಳಿಗೆ ಎರಡು ವರ್ಷ ತುಂಬಿತ್ತು. ಇಟ್ಟ ಕಡೆ ನಿಲ್ಲದೆ ಉರುಳುತ್ತಿರುವುದರಿಂದ ಮನೆಯವರೆಲ್ಲ ಅವಳನ್ನು ಬಟಾಣಿ ಎಂದೇ ಕರೆಯುವುದು. ನನ್ನ ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೋಗುವವಳು. "ಮನೇಲಿ ಕೂತಿರೋದು ನೀವು, ನಾನಲ್ಲ" ಎಂದು ಮೊದಲೇ ಕೈ ತೊಳೆದುಕೊಂಡಳು. ಸ್ಟೇಷನರಿ ಅಂಗಡಿಯ ಮಹಡಿಯಲ್ಲಿ, ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವ ಕೇಂದ್ರವೊಂದು ಹೊಸದಾಗಿ ತೆರೆದಿತ್ತು. ಗೋಡೆಯ ತುಂಬ ಆನೆ, ಜಿರಾಫೆ. ಸೊಸೆ ಹೋಗಿ ನೋಡಿಕೊಂಡೂ ಬಂದಿದ್ದಳು.

"ಯಾಕಮ್ಮಾ, ನಾನಿಲ್ವಾ?" ಎಂದೆ. "ಊರ ಮಕ್ಕಳನ್ನೆಲ್ಲ ಕೂರಿಸಿದವನು ಮನೆ ಮಗುನ ಕೂರಿಸ್ಲಾರೆನಾ?"

ಸೊಸೆ ಗಂಡನ ಮುಖ ನೋಡಿದಳು, ಅವನು ತಟ್ಟೆ ನೋಡಿದ. "ಈ ವಾರ ನೋಡೋಣ ಮಾವ. ಶನಿವಾರ ತೀರ್ಮಾನ ಮಾಡೋಣ" ಎಂದಳು.

ನಾನು ಮೀಸೆ ತಿರುವಿದೆ. ಆದರೆ ಈ ಕೆಲಸವೂ ಕೈತಪ್ಪಿದರೆ ನಾನು ಕಿಟಕಿಯ ಪಕ್ಕದ ಇನ್ನೊಂದು ಸಾಮಾನು, ಕಸ ಗುಡಿಸುವಾಗ ಆಚೆ ಸರಿಸಿ ಮತ್ತೆ ಈಚೆ ಇಡುವಂಥದ್ದು. ಅದು ನನಗೆ ಚೆನ್ನಾಗಿ ಗೊತ್ತಿತ್ತು, ಅದರ ಭಯವೂ ಇತ್ತು.

ಸೋಮವಾರ ಬೆಳಿಗ್ಗೆ ಸೊಸೆ ಹೊರಟಳು, ಬಟಾಣಿ ಬಾಯಿ ತೆರೆದಳು. ಸರಿ, ನನ್ನ ಸಮಯ ಬಂತು ಎಂದು ಶುರುಮಾಡಿದೆ. ವಿಮಾನ ಹಾರಿತು. ಗುಬ್ಬಚ್ಚಿ ಕೂಗಿತು. ಪೀಪಿ ಊದಿತು. ಮಳೆ ಸುರಿಯಿತು. ಮಗು ಅಳು ನಿಲ್ಲಿಸಿ ಕೇಕೆ ಹಾಕಿ ನಕ್ಕಿತು. ನಾನು ಗೆದ್ದ ಹೆಮ್ಮೆಯಿಂದ ಕಿಟಕಿಯಾಚೆ ನೋಡುತ್ತೇನೆ, ಸೊಸೆ ಇನ್ನೂ ಬಸ್ ಸ್ಟಾಪಿನಲ್ಲೇ ನಿಂತಿದ್ದಾಳೆ! ನನ್ನ ಬತ್ತಳಿಕೆ ಆಗಲೇ ಖಾಲಿ. ಎರಡನೇ ಸಲ ಪೀಪಿ ಊದಿದಾಗ ಬಟಾಣಿ ನನ್ನನ್ನು ಕನಿಕರದಿಂದ ನೋಡಿದಳು. ಅಷ್ಟು ವರ್ಷ ಊರೆಲ್ಲ ಹೊಗಳಿದ ನನ್ನ ಕಲೆಯ ಉದ್ದ ಎಷ್ಟೆಂದು ಆಗ ತಿಳಿಯಿತು: ಒಂದು ತಲೆಯಷ್ಟು, ಅದೂ ಮಗುವಿನ ತಲೆಯಷ್ಟು. ಅದು ಮುಗಿಯುತ್ತಲೇ ತಾಯಂದಿರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಇಲ್ಲಿ ಎತ್ತಿಕೊಂಡು ಹೋಗುವವರು ಬಸ್ ಹತ್ತಿದ್ದರು.

ಮತ್ತೆ ಅಳು ಶುರುವಾಯಿತು. ನಾನು ಹಿಂದುಮುಂದು ಯೋಚಿಸದೆ ಬ್ರಹ್ಮಾಸ್ತ್ರ ಬಿಟ್ಟೆ. "ಮುಗೀತು, ಮುಗೀತು, ಅಮ್ಮ ಬಂದೇಬಿಟ್ಳು!"

ಬಟಾಣಿ ಗಪ್‌ಚಿಪ್ಪಾದಳು. ಹೋಗಿ ತನ್ನ ಪುಟ್ಟ ಚಪ್ಪಲಿಗಳನ್ನು ತಂದಳು, ಬಾಗಿಲ ಮುಂದೆ ಕೂತಳು. ಕೂತೇ ಇದ್ದಳು. ಅಂಗಡಿಯಲ್ಲಿ ಆ ಸುಳ್ಳಿಗೆ ಎರಡನೇ ಕಿವಿ ಮುಗಿಯುವಷ್ಟು ಆಯಸ್ಸಿದ್ದರೆ ಸಾಕಾಗಿತ್ತು. ಇಲ್ಲಿ ಅದು ಸಂಜೆಯವರೆಗೆ ಬದುಕಬೇಕಿತ್ತು. ಊಟದ ಹೊತ್ತಿಗೆ ಅವಳು ಒಂದು ಚಪ್ಪಲಿಯ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಳು. ಅವಳಿಗೆಂದು ಕಲಸಿದ ಅನ್ನವನ್ನು ಮುಚ್ಚಿಟ್ಟೆ.

ಮರುದಿನ ಸೊಸೆಯೇ ಫೋನಿನಲ್ಲೊಂದು ವಿಡಿಯೋ ಹುಡುಕಿಕೊಟ್ಟು ಹೋದಳು. ಧೂಳಿನ ಕಣವೂ ಇಲ್ಲದ ಮನೆಯಲ್ಲಿ, ಬೆವರೇ ಬಾರದ ಹೆಂಗಸೊಬ್ಬಳು ನಗುನಗುತ್ತಾ ಹೇಳುತ್ತಿದ್ದಳು: ಎರಡು ಬಟ್ಟಲು ಕೊಡಿ, ಸ್ವಲ್ಪ ಬೇಳೆ ಕೊಡಿ, ಮಗು ಅದರಿಂದ ಇದಕ್ಕೆ, ಇದರಿಂದ ಅದಕ್ಕೆ ಸುರಿಯುತ್ತಾ ಮೈಮರೆಯುತ್ತದೆ. ಬಟಾಣಿ ಸುರಿದಳು ನಿಜ. ಅದರಿಂದ ನನ್ನ ಚಪ್ಪಲಿಗೆ, ಇದರಿಂದ ಸೋಫಾದ ಸಂದಿಗೆ, ಉಳಿದದ್ದು ಚಾವಣಿಯ ಕಡೆಗೆ. ನಾನು ಪೊರಕೆ ಹಿಡಿದೆ. ಜೀವಮಾನವೆಲ್ಲ ನೆಲದ ಕೂದಲು ಗುಡಿಸಿದ ನನಗೆ ಗುಡಿಸುವುದರಲ್ಲಾದರೂ ಪಾಂಡಿತ್ಯವಿದೆಯಲ್ಲ! ಬಟಾಣಿ ಹಿಂದೆಯೇ ಬಂದು ಪೊರಕೆಯ ತುದಿ ಹಿಡಿದು ನನ್ನ ಜೊತೆ ಗುಡಿಸತೊಡಗಿದಳು. ನಾಲಿಗೆ ಹೊರಗೆ ಚಾಚಿ, ಹುಬ್ಬು ಗಂಟಿಕ್ಕಿ, ಭಾರೀ ಗಂಭೀರವಾಗಿ. ಬೆಪ್ಪುತಕ್ಕಡಿ ನಾನು, "ಕೊಳೆ ಕಣೇ, ಬಿಡು, ಬಾ ಆಟ ಆಡೋಣ" ಎಂದು ಪೊರಕೆ ಕಿತ್ತುಕೊಂಡೆ. ಅವಳು ಮತ್ತೆ ಅತ್ತಳು. ಈ ಮಗುವಿಗೆ ಏನು ಕೊಟ್ಟರೂ ಹಿಡಿಸುವುದಿಲ್ಲವಲ್ಲ ಎಂದು ನಾನು ತಲೆ ಮೇಲೆ ಕೈ ಹೊತ್ತು ಕೂತೆ.

ಆಮೇಲಿನ ದಿನ ರಟ್ಟಿನ ಪೆಟ್ಟಿಗೆಯಿಂದ ಕಾರು ಮಾಡಿದೆ. ನಡುಗುವ ಕೈಯಲ್ಲೇ ಕಿಟಕಿ ಕೊರೆದೆ, ಬಾಗಿಲು ಕೊರೆದೆ, ಚಕ್ರ ಅಂಟಿಸಿದೆ. ಬೆಳಿಗ್ಗೆ ಕೂತವನು ಎದ್ದದ್ದು ಮಧ್ಯಾಹ್ನಕ್ಕೆ. ಬಟಾಣಿ ಕಾರಿನ ಸುತ್ತ ಒಮ್ಮೆ ಸುತ್ತಿದಳು. ನಾನು ಕಿಟಕಿಯಿಂದ ಕೊರೆದು ಬಿಸಾಡಿದ್ದ ರಟ್ಟಿನ ತುಂಡನ್ನು ಎತ್ತಿಕೊಂಡು, ತಲೆಯ ಮೇಲಿಟ್ಟುಕೊಂಡು ಹೊರಟುಹೋದಳು. ಸಂಜೆ ಬಂದ ನನ್ನ ಹೆಂಡತಿ ಕಾರನ್ನು ನೋಡಿ, "ಕೋಳಿ ಸಾಕೋ ಯೋಚನೆ ಏನಾದ್ರೂ ಇದೆಯಾ?" ಎಂದು ಕೇಳಿದಳು.

ಎಲ್ಲಕ್ಕಿಂತ ಘನಕಾರ್ಯ ನಡೆದದ್ದು ಶುಕ್ರವಾರ. ಬೀರುವಿನ ಕನ್ನಡಿಯ ಮೇಲೆ ಶೇವಿಂಗ್ ಫೋಮ್ ಹಚ್ಚಿ, ಬೆರಳಿನಿಂದ ಚಿತ್ರ ಬರೆಯಲು ಕೊಟ್ಟೆ. ಬಟಾಣಿ ಮೈಮರೆತಳು! ನನ್ನ ಸಂತೋಷ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಅದೇ ಹೊತ್ತಿಗೆ ಹಳೆಯ ಬ್ಲೇಡಿನ ಡಬ್ಬಿ ಎಲ್ಲಿದೆ ಎಂದು ಕೇಳಲು ಮಗ ಫೋನ್ ಮಾಡಿದ. ಡಬ್ಬಿಯ ವಿಷಯ ಒಂದೇ ಮಾತಿನಲ್ಲಿ ಮುಗಿಸಿ, ಮಕ್ಕಳನ್ನು ಸಂಭಾಳಿಸುವುದು ಹೇಗೆ ಎಂದು ನಾನು ಅವನಿಗೆ ಭಾಷಣ ಬಿಗಿಯುತ್ತಾ ವರಾಂಡಕ್ಕೆ ಹೋದೆ. ಅತ್ತ ಫೋಮ್ ಕನ್ನಡಿಯಿಂದ ಹಾಸಿಗೆಗೆ, ಹಾಸಿಗೆಯಿಂದ ಇಸ್ತ್ರಿ ಮಾಡಿ ತೂಗುಹಾಕಿದ್ದ ಸೊಸೆಯ ಬಿಳಿ ಕೋಟಿಗೆ, ಅಲ್ಲಿಂದ ಬಟಾಣಿಯ ಕಣ್ಣಿಗೆ ಹೋಗಿತ್ತು. ಚೀರಾಟ ಕೇಳಿ ನಾನು ಒಳಗೆ ಓಡುವುದಕ್ಕೂ ಸೊಸೆ ಬಾಗಿಲಲ್ಲಿ ಕಾಲಿಡುವುದಕ್ಕೂ ಸರಿಹೋಯಿತು.

ಅವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಗುವಿನ ಕಣ್ಣು ತೊಳೆದಳು, ಕೋಟು ನೆನೆಸಿದಳು. ಆಮೇಲೆ ಅಡುಗೆಮನೆಯಲ್ಲಿ ದನಿ ತಗ್ಗಿಸಿ ಫೋನಿನಲ್ಲಿ ಮಾತಾಡಿದ್ದು ನನಗೆ ಕೇಳಿಸಿತು: "ಸೋಮವಾರದಿಂದ ಸೇರಿಸ್ಬಹುದಾ? ಸರಿ, ನಾಳೆ ಮಧ್ಯಾಹ್ನ ಹೇಳ್ತೀನಿ." ಆನೆ, ಜಿರಾಫೆಗಳು ಗೆದ್ದಿದ್ದವು. ನನಗೆ ಸಿಟ್ಟು ಬಂದದ್ದು ನನ್ನ ಮೇಲೆಯೇ. ಗಾಳಿ ಹೋದ ಬಲೂನಿನ ಹಾಗೆ ಕಿಟಕಿಯ ಪಕ್ಕದ ನನ್ನ ಜಾಗಕ್ಕೆ ಹೋಗಿ ಕೂತೆ.

ಶನಿವಾರ ಸೊಸೆಗೆ ಅರ್ಧ ದಿನದ ಕೆಲಸ. "ಬಂದು ಮಾತಾಡೋಣ ಮಾವ" ಎಂದು ಹೇಳಿ ಹೋದಳು. ಅಂದು ನಾನು ವಿಮಾನ ಹಾರಿಸಲಿಲ್ಲ, ಪೀಪಿ ಊದಲಿಲ್ಲ. ಬಟಾಣಿಯೂ ಸ್ವಲ್ಪ ಅತ್ತು ಸುಮ್ಮನಾದಳು. ಕೆಲಸದಿಂದ ತೆಗೆಸಿಕೊಳ್ಳುವಾಗಲಾದರೂ ನೋಡಲು ಲಕ್ಷಣವಾಗಿರೋಣ ಎಂದು ನನ್ನ ಹಳೆಯ ಚೀಲ ಬಿಚ್ಚಿದೆ. ಕತ್ತರಿ, ರೇಜರುಗಳೆಲ್ಲ ಅಂಗಡಿಯಲ್ಲಿದ್ದವು. ಇದ್ದದ್ದು ಒಂದು ಬಾಚಣಿಗೆ, ಟವೆಲ್, ಸ್ಪ್ರೇ ಬಾಟಲಿ, ಕತ್ತಿನ ಮೇಲಿನ ಕೂದಲು ಒರೆಸುವ ಮೆತ್ತನೆಯ ಬ್ರಶ್ಶು. ಗೋಡೆಗೆ ಕನ್ನಡಿ ಒರಗಿಸಿ, ಗಿಡ್ಡ ಸ್ಟೂಲಿನ ಮೇಲೆ ಕೂತು ಮೀಸೆ ಬಾಚಲು ಹೊರಟೆ. ಕೈ ನಡುಗಿ ಬಾಚಣಿಗೆ ಬಿತ್ತು. ಎತ್ತಿಕೊಂಡೆ, ಮತ್ತೆ ಬಿತ್ತು.

ಈ ಸಲ ಅದನ್ನು ಎತ್ತಿಕೊಂಡವಳು ಬಟಾಣಿ. ನನಗೆ ಕೊಡಲಿಲ್ಲ. ನಡುಗುವ ನನ್ನ ಕೈಯನ್ನು ನೋಡಿದಳು, ಅದರ ಮೇಲೆ ತನ್ನ ಅಂಗೈ ಒತ್ತಿದಳು. "ಅಲ್ಲಾಬೇಡ" ಎಂದಳು.

ಆಮೇಲೆ ಟವೆಲ್ ಎಳೆದು ತಂದು ನನ್ನ ಮೈಮೇಲೆ ಹೊದಿಸಲು ಒದ್ದಾಡಿದಳು. ನಾನು ಬಗ್ಗಿಕೊಟ್ಟೆ. ಸ್ಪ್ರೇ ಬಾಟಲಿಯನ್ನು ಎರಡೂ ಕೈಯಿಂದ ಅದುಮಿ ನನ್ನ ತಲೆಗೆ, ಮೂಗಿಗೆ, ಗೋಡೆಗೆ ನೀರು ಹಾರಿಸಿದಳು. ನನ್ನ ತಲೆಯಲ್ಲಿ ಕೂದಲೆಂದರೆ ಹಿಂಭಾಗದಲ್ಲಿ ಕಿವಿಯಿಂದ ಕಿವಿಗೆ ಒಂದು ಪಟ್ಟಿ. ಉಳಿದದ್ದು ಬಟ್ಟ ಬಯಲು. ಅವಳಿಗೆ ಬಯಲೇ ಇಷ್ಟ. ಅಲ್ಲಿ ಬಾಚಿದಳು, ಬ್ರಶ್ಶಿನಿಂದ ಒರೆಸಿದಳು, ಎದುರು ಬಂದು ತಲೆ ಓರೆ ಮಾಡಿ ನೋಡಿದಳು, ಸರಿಯಾಗಿಲ್ಲವೆಂದು ಮತ್ತೆ ಹಿಂದೆ ಹೋದಳು. ನೆಲದಲ್ಲಿಲ್ಲದ ಕೂದಲನ್ನು ಕೈಯಿಂದ ಗುಡಿಸಿದಳು. ನಾಲಿಗೆ ಹೊರಗೆ, ಹುಬ್ಬು ಗಂಟು. ಪೊರಕೆ ಹಿಡಿದಾಗಿನ ಅದೇ ಮುಖ. ಆಗ ನನಗೆ ಬುದ್ಧಿ ಬಂತು. ವಾರವಿಡೀ ನಾನು ಅವಳನ್ನು ಗಿರಾಕಿಯ ಕುರ್ಚಿಯಲ್ಲಿ ಕೂರಿಸಲು ಹೆಣಗುತ್ತಿದ್ದೆ. ಆಕೆ ಕೆಲಸಕ್ಕೆ ಸೇರಲು ಬಂದಿದ್ದಳು.

ಸೊಂಟ ಹಿಡಿದುಕೊಂಡಿತು. ಏಳಲು ನೋಡಿದೆ. ಬಟಾಣಿ ನನ್ನ ಕೆನ್ನೆ ತಟ್ಟಿ, ಥೇಟ್ ನನ್ನದೇ ರಾಗದಲ್ಲಿ ಹೇಳಿದಳು: "ಮುಗೀತು, ಮುಗೀತು!"

ನನಗೆ ನಗು ತಡೆಯಲಾಗಲಿಲ್ಲ, ಅದರ ಹಿಂದೆಯೇ ಕಣ್ಣು ತುಂಬಿತು. ಆ ಮಾತು ಹೇಳುವ ಭಾಗ್ಯ ನನಗೆ ಇನ್ನಿಲ್ಲ ಎಂದುಕೊಂಡಿದ್ದೆ. ಕೇಳಿಸಿಕೊಳ್ಳುವ ಭಾಗ್ಯವೊಂದು ಇದೆ ಎಂದು ಹೊಳೆದೇ ಇರಲಿಲ್ಲ.

ಮಧ್ಯಾಹ್ನ ಸೊಸೆಯ ಹೆಜ್ಜೆ ಸದ್ದಾಯಿತು. ವಾರವಿಡೀ ಆ ಸದ್ದಿಗೆ ಬಟಾಣಿ ಬಾಗಿಲಿಗೆ ಹಾರುತ್ತಿದ್ದಳು. ಇಂದು ತಲೆ ಮಾತ್ರ ತಿರುಗಿಸಿದಳು, ಬಾಚಣಿಗೆ ಹಿಡಿದ ಕೈಯನ್ನು ಎತ್ತಿ ಅಮ್ಮನನ್ನು ಹೊಸ್ತಿಲಲ್ಲೇ ತಡೆದಳು. "ಮುಗೀತು, ಮುಗೀತು."

ಸೊಸೆ ನಿಂತುಬಿಟ್ಟಳು. ಬೇರೆ ಯಾರಾದರೂ ಆಗಿದ್ದರೆ ಮುಗಿಯಿತು ಎಂದುಕೊಂಡು ಒಳಗೆ ಬರುತ್ತಿದ್ದರೇನೋ. ಅವಳಿಗೆ ಆ ಮಾತಿನ ಅರ್ಥ ಗೊತ್ತಿತ್ತು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿದ್ದ ನನ್ನನ್ನು ನೋಡಿದಳು, ಮಗಳನ್ನು ನೋಡಿದಳು.

"ಎಷ್ಟು ಹೊತ್ತಿಂದ ಮಾವ?"

"ನೀನು ಹೋದ ಸ್ವಲ್ಪ ಹೊತ್ತಿಗೆ ಕೂರಿಸಿದ್ಲು. ಊಟನೂ ಇಲ್ಲೇ ಆಯ್ತು. ಎದ್ರೆ ಬೈತಾಳಮ್ಮ."

ಸೊಸೆ ಬಾಯಿಗೆ ಕೈ ಅಡ್ಡವಿಟ್ಟು ನಕ್ಕಳು. ನಂತರ ಫೋನ್ ತೆಗೆದು ಅಲ್ಲೇ ನಿಂತು ಮಾತಾಡಿದಳು. "ನಿನ್ನೆ ಕೇಳಿದ್ನಲ್ಲ, ಸೋಮವಾರದ ಸೀಟು... ಬೇಡ ಮೇಡಂ, ಬೇರೆಯವರಿಗೆ ಕೊಟ್ಬಿಡಿ. ಹೌದು, ಮನೇಲಿ ತಾತ ಇದ್ದಾರೆ." ಫೋನ್ ಇಟ್ಟು ನನ್ನ ಕಡೆ ತಿರುಗಿದಳು. "ಆ ಫೋಮ್ ಮಾತ್ರ ಅಂಗಡಿಗೆ ಕಳ್ಸಿಬಿಡಿ ಮಾವ." ಬ್ಯಾಗನ್ನು ನೆಲದ ಮೇಲಿಟ್ಟು, ನನ್ನ ಪಕ್ಕದಲ್ಲಿ ಗೋಡೆಗೊರಗಿ, ಸರದಿ ಕಾಯುವ ಗಿರಾಕಿಯ ಹಾಗೆ ಕೂತಳು.

ಬಿಸಿಲಲ್ಲಿ ಬಂದವಳಿಗೆ ಒಂದು ಲೋಟ ನೀರಾದರೂ ಕೊಡೋಣ ಎಂದು ನಾನು ಮೆಲ್ಲಗೆ ಏಳಲು ಹೋದೆ. ಪುಟ್ಟ ಕೈಯೊಂದು ಹೆಗಲು ಹಿಡಿದು ಒತ್ತಿತು.

"ಮುಗೀತು, ತಾತ."

ಇನ್ನೊಂದು ಕಡೆ ಪೂರ್ತಿ ಬಾಕಿಯಿತ್ತು. ಟವೆಲಿನ ಕೆಳಗೆ ನನ್ನ ಕೈ ತನ್ನ ಪಾಡಿಗೆ ನಡುಗುತ್ತಿತ್ತು. ಉಳಿದ ನಾನು ಅಲ್ಲಾಡದೆ ಕೂತೆ.